ತಗಡಿನ ಡಬ್ಬಿಯ ಹನ್ನೊಂದು ಕಾರುಗಳು

ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಯ ಕಡೆಗೆ, ಇನ್ನೊಂದು ಬಂಡೀಪುರದ ಮೂಲಕ ಊಟಿಗೆ. ಊಟಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಊರು ಹಂಗಳ. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1454 ಮೀಟರ್. ಸ್ವಂತ ವಾಹನಗಳನ್ನು ಬೆಟ್ಟದ ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಮಳೆಗಾಲದ ಮೊದಲ ತಿಂಗಳುಗಳಲ್ಲಿ ಹೋದರೆ ರಸ್ತೆ ಬದಿಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು. ಕೇರಳದವರು ಸಾಲಾಗಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಿರುತ್ತಾರೆ.

ಕಾರು ನೋಡುವ ಹುಚ್ಚಿರುವ ಮಕ್ಕಳಿಗೆ ಹಂಗಳದ ರಸ್ತೆ ಬದಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ರಾಜ್ಯಗಳ ನಂಬರಿನ ಗಾಡಿಗಳು ಇಲ್ಲಿ ಓಡಾಡುತ್ತವೆ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. 2009ರಿಂದ ಈ ನಿಯಮವಿದೆ. ಹಾಗಾಗಿ ಸಂಜೆಯಾಗುತ್ತಲೇ ಎಲ್ಲರಿಗೂ ಅವಸರ.

ಈ ಊರಿನಲ್ಲಿ ನನ್ನ ತಂಗಿಯ ಮನೆಯಿದೆ. ಅವಳ ಯಜಮಾನರು, ನನ್ನ ಭಾವ, ತರಕಾರಿ ಲಾರಿ ಓಡಿಸುತ್ತಿದ್ದರು. ಕಲ್ಲಿಕೋಟೆಗೆ ಹೋದಾಗ ಒಂದೊಂದು ಸಲ ಮಗನಿಗೆ ಬೆರಳುದ್ದದ ಲೋಹದ ಕಾರು ತರುತ್ತಿದ್ದರು. ಅವರು ತೀರಿಕೊಂಡು 6 ವರ್ಷವಾಯಿತು. ಕಾರುಗಳು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಅಟ್ಟದ ಮೇಲಿದ್ದವು. ಒಟ್ಟು 11.

ಈ ಸಲ ನಾನು ಹೋದಾಗ ಡಬ್ಬಿ ಕೆಳಗಿಳಿದು ಜಗಲಿಯ ಮೇಲಿತ್ತು. ಕೊಳವೆ ಬಾವಿಯ ಮೋಟರು ಸುಟ್ಟು, ಬೀನ್ಸ್ ಗಿಡ ಬಾಡುತ್ತಿತ್ತು. ರಿಪೇರಿಗೆ 9,000 ರೂಪಾಯಿ ಬೇಕು. ಅದೇ ಹೊತ್ತಿಗೆ ಹಳೆಯ ಆಟಿಕೆ ಕೊಳ್ಳುವವರೊಬ್ಬರು ಮೈಸೂರಿನಿಂದ ಬಂದು, ಹನ್ನೊಂದಕ್ಕೂ ಸೇರಿಸಿ 3,000 ಕೊಡುತ್ತೇನೆ ಎಂದಿದ್ದರು. "ಇಂಥವು ಲಕ್ಷಗಟ್ಟಲೆ ತಯಾರಾಗಿವೆ ಕಣಮ್ಮ, ಇದಕ್ಕಿಂತ ಜಾಸ್ತಿ ಬರೋದಿಲ್ಲ" ಎಂದು ಅವರ ಮಾತು.

"ಲೆಕ್ಕ ಗೊತ್ತಿರೋನು ನೀನು. ಕೊಡಬೇಕಾ ಬೇಡವಾ, ಹೇಳಣ್ಣ" ಎಂದಳು ತಂಗಿ. ಏಳನೇ ತರಗತಿಯ ಅವಳ ಮೊಮ್ಮಗ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

ಲಕ್ಷಗಟ್ಟಲೆ ತಯಾರಾದದ್ದು ನಿಜವೇ. ಡೈಕಾಸ್ಟ್ ಎಂದರೆ ಅಚ್ಚಿನ ಎರಕ. ಕರಗಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿಸುತ್ತಾರೆ. ಅಚ್ಚು ಮಾಡಿಸುವುದು ಬಹಳ ದುಬಾರಿ. ಆ ಖರ್ಚನ್ನು ನೂರು ಕಾರಿಗೆ ಹಂಚಿದರೆ ಆಟಿಕೆಯನ್ನು ಯಾರೂ ಕೊಳ್ಳಲಾರರು. ಲಕ್ಷ ಕಾರಿಗೆ ಹಂಚಿದರೆ ಮಕ್ಕಳ ಕೈಗೆ ಎಟಕುತ್ತದೆ. ಬಿ.ಕಾಂ. ಓದಿದ ಯಾರಿಗಾದರೂ ಇದು ಗೊತ್ತು. ಆದ್ದರಿಂದಲೇ ಕಂಪನಿಗಳು "ಅಪರೂಪದ" ಕಾರು ಮಾಡಬೇಕಾದಾಗ ಸಾಮಾನ್ಯವಾಗಿ ಅಚ್ಚನ್ನು ಬದಲಿಸುವುದಿಲ್ಲ. ಬಣ್ಣ, ಚಕ್ರ, ಚಿತ್ರ ಬದಲಿಸುತ್ತವೆ. ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ ಹಾಟ್ ವೀಲ್ಸ್ ಶುರುಮಾಡಿತು. 1995ರಲ್ಲಿ ಅದು ಟ್ರೆಷರ್ ಹಂಟ್, ಅಂದರೆ ನಿಧಿ ಹುಡುಕಾಟ, ಎಂಬ ಹೆಸರಿನಲ್ಲಿ 12 ಕಾರುಗಳನ್ನು ತಂದಿತು. ಪ್ರತಿಯೊಂದೂ 10,000 ಮಾತ್ರ. ಅಂದಿನಿಂದ ದೊಡ್ಡವರೂ ಆಟಿಕೆ ಅಂಗಡಿಯ ಗೂಟಗಳನ್ನು ಹುಡುಕತೊಡಗಿದರು.

ಹಾಗಾದರೆ ಕಡಿಮೆ ತಯಾರಾದದ್ದಕ್ಕೆಲ್ಲ ಬೆಲೆ ಬರುತ್ತದೆಯೇ? ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ಎಷ್ಟೋ ಗ್ರಾಹಕರು 786ರಲ್ಲಿ ಕೊನೆಯಾಗುವ ನೋಟು ಕೇಳುತ್ತಿದ್ದರು. ಸಂಖ್ಯೆಯ ಸರಣಿಯಲ್ಲಿ ಸಾವಿರ ನೋಟಿಗೆ ಅಂಥದ್ದು ಒಂದೇ. ಆದರೆ 785ರಲ್ಲಿ ಕೊನೆಯಾಗುವುದೂ ಸಾವಿರಕ್ಕೆ ಒಂದೇ ಅಲ್ಲವೆ? ಅದನ್ನು ಒಬ್ಬರೂ ಕೇಳಲಿಲ್ಲ. ಎರಡೂ ಅಷ್ಟೇ ಅಪರೂಪ, ಬೇಕೆನ್ನುವವರಿರುವುದು ಒಂದಕ್ಕೆ.

ತಂಗಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಚೆಂಡುಹೂವಿನ ಕಥೆನೂ ಅದೇ ತಾನೆ? ಓಣಂ ಹತ್ತಿರ ಬಂದಾಗ ಕೇಳುತ್ತಾರೆ. ಹಬ್ಬ ಕಳೆದ ಮಾರನೆ ದಿನ ಹೊಲದಲ್ಲಿ ಎಷ್ಟು ಕಡಿಮೆ ಹೂವಿದ್ದರೂ ಯಾರಿಗೆ ಬೇಕು?" ಎಂದಳು.

ಇನ್ನೊಂದು ಲೆಕ್ಕವಿದೆ. ತಯಾರಾದದ್ದು ಎಷ್ಟು ಎಂಬುದಕ್ಕಿಂತ, ಉಳಿದದ್ದು ಎಷ್ಟು ಎಂಬುದು ಮುಖ್ಯ. ಇಂಗ್ಲೆಂಡಿನ ಡಿಂಕಿ ಟಾಯ್ಸ್ ಬಹಳ ಪ್ರಸಿದ್ಧ ಆಟಿಕೆ ಕಾರು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಡಿಂಕಿಗಳಲ್ಲಿ ಅನೇಕವು ಇಂದು ಇಟ್ಟಲ್ಲೇ ಬಿರುಕು ಬಿಟ್ಟು ಪುಡಿಯಾಗುತ್ತಿವೆ. ಸತುವಿನಲ್ಲಿ ಸೀಸದಂಥ ಕಲ್ಮಶ ಸೇರಿದ್ದೇ ಕಾರಣ. ಡಿಂಕಿಯ ಹಳೆಯ ಅಚ್ಚುಗಳು 1960ರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಲ್ಕತ್ತೆಗೆ ಬಂದು, ನಿಕಿ ಟಾಯ್ಸ್ ಎಂಬ ಹೆಸರಿನಲ್ಲಿ ಇಲ್ಲಿಯೂ ಕಾರುಗಳಾದವು. ಅವನ್ನು ಕೊಂಡವರು ಮಕ್ಕಳಿಗೆ ಆಡಲು ಕೊಟ್ಟರು. ಮಕ್ಕಳು ಮಣ್ಣಿನಲ್ಲಿ ಓಡಿಸಿದರು, ಕಲ್ಲಿಗೆ ಗುದ್ದಿಸಿದರು, ಡಬ್ಬ ಎಸೆದರು. ಹೀಗಾಗಿ ಡಬ್ಬದ ಸಮೇತ ಉಳಿದ ನಿಕಿ ಕಾರನ್ನು ಇಂದು ವಿದೇಶದ ಸಂಗ್ರಾಹಕರೂ ಹುಡುಕುತ್ತಾರೆ. ಇದಕ್ಕೆ ವಿರುದ್ಧವಾಗಿ, "ಲಿಮಿಟೆಡ್ ಎಡಿಷನ್" ಎಂದು ಅಚ್ಚು ಹಾಕಿ ಇಂದು ಮಾರುವ 10,000 ಕಾರುಗಳನ್ನು ಕೊಂಡವರೆಲ್ಲ ಬಿಚ್ಚದೆ ಬೀರುವಿನಲ್ಲಿಟ್ಟರೆ, ಮೂವತ್ತು ವರ್ಷದ ನಂತರವೂ ಹತ್ತಿರ ಹತ್ತಿರ 10,000 ಇರುತ್ತವೆ. ಮಕ್ಕಳೇ, ಆ ಪದ ನೋಡಿ ಅಪ್ಪ ಅಮ್ಮನ ಹತ್ತಿರ ಹಟ ಮಾಡುವ ಮೊದಲು ಈ ಲೆಕ್ಕ ಹಾಕಿ.

ಅಷ್ಟು ಹೇಳಿ ನಾವು ಮೂವರೂ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆವು. ನಾನು ಒಂದು ಹಾಳೆಯಲ್ಲಿ ಗೀಟು ಎಳೆದು ಪಟ್ಟಿ ಮಾಡಿದೆ: ಹೆಸರು, ಬಣ್ಣ, ತಳದಲ್ಲಿರುವ ಅಕ್ಷರ, ಚಕ್ರ, ಬಣ್ಣ ಎಷ್ಟು ಉಳಿದಿದೆ, ಪೊಟ್ಟಣ ಇದೆಯೋ ಇಲ್ಲವೋ. ಹುಡುಗ ಕನ್ನಡಕವಿಲ್ಲದೆ ಸಣ್ಣ ಅಕ್ಷರ ಓದಿ ಹೇಳಿದ. ಒಂಬತ್ತು ಕಾರುಗಳು ಚೆನ್ನಾಗಿ ಆಡಿದವು. ಒಂದಕ್ಕೆ ಚಕ್ರವೇ ಇಲ್ಲ, ಒಂದಕ್ಕೆ ಉಗುರು ಬಣ್ಣ ಹಚ್ಚಿದೆ. ಉಳಿದ ಎರಡು ಪೊಟ್ಟಣ ಬಿಚ್ಚದವು, ಮೇಲೆ ಲಿಯೋ ಎಂಬ ಹೆಸರು. ಮ್ಯಾಟೆಲ್ ಜೊತೆಗೂಡಿ ಹಾಟ್ ವೀಲ್ಸ್ ಕಾರುಗಳನ್ನು ನಮ್ಮ ದೇಶದಲ್ಲೇ ತಯಾರಿಸಿದ ಹಳೆಯ ಹೆಸರು ಅದು. ಬೇರೆ ದೇಶದಲ್ಲಿ ಇಲ್ಲದ ಬಣ್ಣಗಳು ಅವುಗಳಲ್ಲಿ ಇದ್ದವೆಂದು ಸಂಗ್ರಾಹಕರಿಗೆ ಅವು ಬೇಕು. ಹನ್ನೊಂದಕ್ಕೂ ಒಟ್ಟಿಗೆ ಬೆಲೆ ಕಟ್ಟಿದ್ದು ಈ ಎರಡರ ಮೇಲಿನ ಕಣ್ಣಿನಿಂದಲೇ ಎಂಬುದು ಪಟ್ಟಿ ನೋಡಿದರೆ ತಿಳಿಯುತ್ತಿತ್ತು.

ಆದರೆ ತಂಗಿ ಆ ಎರಡನ್ನೇ ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ಮಗ ಹಾಸ್ಟೆಲಿಗೆ ಸೇರಿದ ವರ್ಷ ಭಾವ ತಂದ ಕಾರುಗಳು ಅವು. ರಜೆಗೆ ಬಂದ ಮಗ ಆಗಲೇ ಮೀಸೆ ಚಿಗುರಿದ ಹುಡುಗ, ಆಡಲಿಲ್ಲ. ಭಾವನೂ "ಬಿಚ್ಚು" ಎನ್ನಲಿಲ್ಲ.

ತೀರ್ಮಾನ ನನ್ನದಲ್ಲ ಎಂದು, ಕೊಯಮತ್ತೂರಿನಲ್ಲಿ ಕೆಲಸದಲ್ಲಿರುವ ಅವಳ ಮಗನಿಗೆ ಫೋನು ಮಾಡಿಸಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಡದೇ ಇರೋ ಎರಡನ್ನ ಕೊಟ್ಟುಬಿಡಿ ಮಾವ. ಅಪ್ಪನ ಜೊತೆ ಆಡಿದ ಒಂಬತ್ತನ್ನ ಮಾತ್ರ ಯಾರಿಗೂ ಕೊಡಬೇಡಿ. ಮೋಟರು ಓಡಿದರೆ ಅಪ್ಪನಿಗೂ ಸಂತೋಷವೇ" ಎಂದ.

ಒಬ್ಬರ ಮಾತು ನಂಬದೆ ಮೂವರ ಹತ್ತಿರ ಬೆಲೆ ಕೇಳಿದೆವು. ಎರಡೂ ಸೇರಿ 5,500ಕ್ಕೆ ಹೋದವು. ಮಿಕ್ಕದ್ದನ್ನು ತಂಗಿ ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ತುಂಬಿಸಿಕೊಂಡಳು. ನಾಲ್ಕನೇ ದಿನ ಬೀನ್ಸ್‌ಗೆ ನೀರು ಹರಿಯಿತು.

ಪಟ್ಟಿಯ ಹಾಳೆ ಈಗ ಹುಡುಗನ ಹತ್ತಿರವಿದೆ. ಮಾರಿದ ಎರಡರ ಸಾಲಿನಲ್ಲಿ ತಾರೀಖು, ಮೊತ್ತ ಬರೆದಿದ್ದಾನೆ. ಒಂಬತ್ತರ ಎದುರು "ಬೆಲೆ" ಎಂಬ ಕಾಲಂ ಖಾಲಿ ಬಿಟ್ಟು, "ಎಲ್ಲಿಂದ ಬಂತು" ಎಂಬ ಹೊಸ ಕಾಲಂ ಎಳೆದು, ಅಜ್ಜಿಯನ್ನು ಕೇಳಿ ಕೇಳಿ ತುಂಬಿಸುತ್ತಿದ್ದಾನೆ.