ನಮ್ಮ ಬೆನ್ನಿನ ಪೂರ್ವಕಥೆ

ಕಳೆದ ಕಾರ್ತಿಕದಲ್ಲಿ ನಮ್ಮ ತಂದೆಯವರು ಬೇಗಂ ಬಜಾರಿನ ಅಂಗಡಿಯಲ್ಲಿ ಜೋಳದ ಚೀಲವೊಂದನ್ನು ಎತ್ತಲು ಬಾಗಿದವರು ಮತ್ತೆ ನೆಟ್ಟಗಾಗಲಿಲ್ಲ. ಇಬ್ಬರು ಹಮಾಲರು ಅವರನ್ನು ಆಟೋದಲ್ಲಿ ಕೂಡಿಸಿ ಮನೆಗೆ ಕರೆತಂದರು. ಬೆನ್ನೆಲುಬಿನ ಎರಡು ಮಣಿಗಳ ನಡುವಣ ಮೆತ್ತೆ ಬಿರಿದು, ಒಳಗಿನ ತಿರುಳು ಹೊರಚಾಚಿ ನರವನ್ನು ಒತ್ತುತ್ತಿದೆಯೆಂದು ವೈದ್ಯರು ಹೇಳಿದರು.

ಅದೇ ವಾರ ನನ್ನ ಜೀವಶಾಸ್ತ್ರದ ಉತ್ತರಪತ್ರಿಕೆ ಕೈಸೇರಿತು. ‘ಕಾರ್ಡೇಟಗಳೆಂದರೆ ಬೆನ್ನೆಲುಬುಳ್ಳ ಪ್ರಾಣಿಗಳು’ ಎಂಬ ನನ್ನ ಉತ್ತರಕ್ಕೆ ಸೊನ್ನೆ! ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕೋಟಾಸಾರಸ್ಸಿನ ಅಸ್ಥಿಪಂಜರವನ್ನು ನೀವೂ ಕಂಡಿರಬಹುದು. ಆದಿಲಾಬಾದಿನ ಕಡೆಯ ಯಮನಪಲ್ಲಿಯಲ್ಲಿ ದೊರೆತು, 1988ರಲ್ಲಿ ಯಾದಗಿರಿಯವರಿಂದ ಹೆಸರು ಪಡೆದ ಜುರಾಸಿಕ್ ಯುಗದ ಸಸ್ಯಾಹಾರಿ ದೈತ್ಯವದು. ಕೊರಳಿನಿಂದ ಬಾಲದವರೆಗೆ ಮಣಿ ಪೋಣಿಸಿದಂಥ ಆ ಬೆನ್ನೆಲುಬನ್ನು ನೆನೆದು ನಾನು ಗುರುಗಳೊಡನೆ ವಾದಕ್ಕೇ ಇಳಿದೆ.

“ಅದು ಕಥೆಯ ನಡುವಣ ಪುಟ ಮಗೂ, ಮೊದಲನೆಯದಲ್ಲ” ಎಂದರವರು.

ಬೆನ್ನೆಲುಬು ಹುಟ್ಟುವ ಮೊದಲೇ ಬೆನ್ನಿನುದ್ದಕ್ಕೂ ನೋಟೋಕಾರ್ಡ್ ಎಂಬ, ಬಾಗಿದರೂ ಕುಗ್ಗದ ಕೋಲೊಂದಿತ್ತು. ಅದರ ಮೇಲ್ಗಡೆ ಟೊಳ್ಳಾದ ನರನಾಳ, ಗಂಟಲಿನ ಬದಿಗಳಲ್ಲಿ ಸೀಳುಗಳು, ಗುದದ್ವಾರದಾಚೆಗೆ ಚಾಚಿದ ಬಾಲ. ಬಾಳಿನ ಯಾವುದಾದರೊಂದು ಹಂತದಲ್ಲಿ ಇವು ತೋರಿದರೆ ಸಾಕು, ಆ ಪ್ರಾಣಿ ಕಾರ್ಡೇಟವೇ. ಕಡಲ ಮರಳಿನಲ್ಲಿ ಹುದುಗಿರುವ ಆಂಫಿಯಾಕ್ಸಸ್ಸಿಗೆ ಒಂದು ಎಲುಬೂ ಇಲ್ಲ. 1774ರಲ್ಲಿ ಪಲ್ಲಾಸ್ ಎಂಬ ಪಂಡಿತನು ಅದನ್ನು ಚಿಪ್ಪಿಲ್ಲದ ಬಸವನಹುಳುವಿನ ಜಾತಿಯೆಂದೇ ಎಣಿಸಿದನು. ಬಂಡೆಗಂಟಿ ಚೀಲದಂತೆ ಕುಳಿತಿರುವ ಅಸೀಡಿಯನ್ನಿನ ಮರಿಯ ಬಾಲದಲ್ಲಿ ನೋಟೋಕಾರ್ಡ್ ಇರುವುದನ್ನು 1866ರಲ್ಲಿ ರಷ್ಯದ ಕೊವಾಲೆವ್‌ಸ್ಕಿ ತೋರಿಸಿಕೊಟ್ಟನು. ಬೆಳೆದೊಡನೆ ಅದು ಬಾಲವನ್ನೂ ಕೋಲನ್ನೂ ಕರಗಿಸಿಬಿಡುತ್ತದೆ, ಪರೀಕ್ಷೆ ಮುಗಿದೊಡನೆ ಪುಸ್ತಕ ಮಾರುವ ನಮ್ಮಂತೆ! ಇಂಥ ಚೀಲಜೀವಿಗಳೇ ಆಂಫಿಯಾಕ್ಸಸ್ಸಿಗಿಂತ ನಮಗೆ ಹತ್ತಿರದ ನೆಂಟರೆಂದು 2006ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದವರು ಹೇಳಿದ್ದಾರೆ. ಚೀನದಲ್ಲಿ ದೊರೆತ ಹೈಕೌಯಿಕ್ಥಿಸ್ ಸುಮಾರು 52 ಕೋಟಿ ವರ್ಷಗಳಷ್ಟು ಹಳೆಯದು. ಅಂಗುಲದುದ್ದದ ಆ ಮೀನಿನಂಥ ಜೀವಿಯಲ್ಲಿ ಬೆನ್ನಿನ ಮಣಿಗಳು ಆಗಲೇ ಮೂಡತೊಡಗಿದ್ದವು.

“ಹಾಗಾದರೆ ನಮ್ಮ ಕೋಲೆಲ್ಲಿ ಹೋಯಿತು, ಸಾರ್?” ಎಂದು ಕೇಳಿದೆ.

ತಾಯಿಯ ಗರ್ಭದಲ್ಲಿ ನಮಗೂ ಅದಿತ್ತಂತೆ. ಕೆಲವು ವಾರಗಳ ಮಟ್ಟಿಗೆ ಬಾಲವೂ ಇತ್ತಂತೆ. ಮಣಿಗಳು ರೂಪುಗೊಂಡಂತೆ ಕೋಲು ಅಳಿಯಿತು. ಆದರೆ ಪೂರ್ತಿಯಾಗಿ ಅಲ್ಲ. ಮಣಿ ಮಣಿಗಳ ನಡುವೆ ಮೆತ್ತೆಯೊಳಗಿನ ತಿರುಳಿಗೆ ಅದೇ ಮೂಲ. ಬಾಲ್ಯ ಕಳೆಯುವಷ್ಟರಲ್ಲಿ ಅದರ ಮೊದಲ ಜೀವಕೋಶಗಳು ಬಹುಮಟ್ಟಿಗೆ ಮರೆಯಾಗುತ್ತವೆ, ತಿರುಳು ಮಾತ್ರ ಉಳಿಯುತ್ತದೆ.

ವೈದ್ಯರು ಹೇಳಿದ ತಿರುಳು! ಅಂಕಗಳ ಮಾತು ಅಲ್ಲಿಗೇ ಮರೆತುಹೋಯಿತು. ಸಂಜೆ ಅಪ್ಪನ ಮಂಚದ ಬಳಿ ಕುಳಿತು ಎಲ್ಲವನ್ನೂ ವಿವರಿಸಿದೆ. ವಾರದಿಂದ ಯಾರೊಡನೆಯೂ ಸರಿಯಾಗಿ ಮಾತನಾಡದೆ ಗೋಡೆಯತ್ತ ಮುಖಮಾಡಿ ಮಲಗಿದ್ದವರು ನಿಧಾನವಾಗಿ ನನ್ನತ್ತ ಹೊರಳಿದರು.

“ಮೀನಿನ ಕಾಲದ ಆಸ್ತಿಯೇನೋ ಇದು? ಯಾರೂ ಪಾಲು ಕೇಳಲಿಲ್ಲವಲ್ಲ!” ಎಂದು ನಕ್ಕರು. ನಕ್ಕದ್ದರಿಂದ ನೋವು ಹೆಚ್ಚಿತು. ಅವ್ವ ನನ್ನನ್ನು ಬೈದು ಹೊರಗೆ ಕಳುಹಿಸಿದಳು.

ಈಗ ಅಪ್ಪ ಅಂಗಡಿಗೆ ಹೋಗುತ್ತಾರೆ; ಚೀಲಗಳನ್ನು ಹಮಾಲರೇ ಎತ್ತುತ್ತಾರೆ. ಕೋಟಾಸಾರಸ್ಸಿನ ಬೆನ್ನನ್ನು ತಾವೂ ಒಮ್ಮೆ ನೋಡಬೇಕೆಂದಿದ್ದಾರೆ. ನೌಬತ್ ಪಹಾಡಿನ ಏರನ್ನು ಹತ್ತಲು ವೈದ್ಯರು ಇನ್ನೂ ಒಪ್ಪಿಲ್ಲ.