ಹನ್ನೆರಡು ವೋಲ್ಟಿನ ಬಿಸಿಲು

ಹೊಸ ಕೈಗವಸು ಬಂದಿದೆ. ಮೇಕೆಯ ಚರ್ಮ, ಬೆರಳ ತುದಿಯವರೆಗೂ ಓಡಾಡಿದ ಬಿಸಿತಂತಿ, ಒಳಗೆ ನುಣುಪಾದ ಅಸ್ತರು. ಎಲ್ಲವೂ ಸೊಗಸು, ಪ್ಲಗ್ ಒಂದನ್ನು ಬಿಟ್ಟು. ಸಿಯಾಟಲ್‌ನ ಬಾಡಿಗೆ ಮನೆಯಲ್ಲಿ ಕೂತು ನವೆಂಬರ್ ಮಳೆ ನೋಡುತ್ತಿರುವ ನಮ್ಮ ಸವಾರನ ಜಾಕೆಟ್ಟಿನ ತೋಳಿನಲ್ಲಿರುವುದು ಒಂದಳತೆಯ ದುಂಡು ಪಿನ್ನು, ಕೈಗವಸಿನಲ್ಲಿರುವುದು ಇನ್ನೊಂದಳತೆಯದು. ತಳ್ಳಿದರೆ ಹೋಗುವಂತೆ ಕಾಣುತ್ತದೆ. ಹೋಗುವುದಿಲ್ಲ.

ಬಿಸಿಯುಡುಪಿನ ಲೋಕದಲ್ಲಿ ಇದೇನೂ ಹೊಸ ಜಗಳವಲ್ಲ. ಬ್ಯಾಟರಿಯಿಂದ ಹೊರಡುವ ವೈರಿನ ತುದಿಯಲ್ಲಿ ಸಾಮಾನ್ಯವಾಗಿ ಎಸ್‌ಎಇ ಎಂಬ ಚಪ್ಪಟೆ ಜೋಡಿ. ಯುರೋಪಿನ ಬೈಕುಗಳಲ್ಲಿ ಬೆರಳು ಗಾತ್ರದ ದುಂಡು ಸಾಕೆಟ್ಟು. ಉಡುಪಿನ ಕಡೆ ಕೊಳವೆಯಂಥ ಕೋಆಕ್ಸಿಯಲ್ ಪ್ಲಗ್. ಒಂದರಿಂದ ಇನ್ನೊಂದಕ್ಕೆ ದಾಟಿಸುವ ಅಡಾಪ್ಟರುಗಳು ಸವಾರನ ಮೇಜಿನ ಡ್ರಾಯರಿನಲ್ಲಿ ಸಂಸಾರ ಹೂಡಿವೆ. ಎಸ್‌ಎಇ ಜೋಡಿಯಲ್ಲಿ ಒಂದು ಪಿನ್ನು ರಬ್ಬರಿನೊಳಗೆ ಮುಚ್ಚಿಕೊಂಡಿರುತ್ತದೆ, ಇನ್ನೊಂದು ಬೆತ್ತಲೆ. ಬ್ಯಾಟರಿ ಕಡೆಯ ಪಾಸಿಟಿವ್ ಮುಚ್ಚಿದ್ದರಲ್ಲೇ ಇರಬೇಕು. ಉಲ್ಟಾ ಕಟ್ಟಿದರೆ, ಬೆತ್ತಲೆ ಪಿನ್ನು ಬೈಕಿನ ಕಬ್ಬಿಣಕ್ಕೆ ತಾಗಿದ ಕ್ಷಣವೇ ಕಿಡಿ ಹಾರಿ ಫ್ಯೂಸು ಢಮಾರ್. ಬಿಸಿತಂತಿಗೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ನಡುವೆ ಕೂತ ಕಂಟ್ರೋಲರಿಗೆ ಇದೆ. ಇಷ್ಟು ಸಾಲದೆಂಬಂತೆ ಕೆಲವು ಬಿಎಂಡಬ್ಲ್ಯು ಬೈಕುಗಳ ಸಾಕೆಟ್ಟು ಸುಮಾರು 5 ಆಂಪ್ ದಾಟುತ್ತಲೇ ತನ್ನಷ್ಟಕ್ಕೆ ತಾನೇ ಕರೆಂಟು ಕಡಿದುಬಿಡುತ್ತದೆ. ಬಿಸಿ ಜಾಕೆಟ್ಟು ಒಂದೇ 6 ಆಂಪಿನ ಮೇಲೆ ಎಳೆಯುವ ಪ್ರಾಣಿ. ಹಾಗಾಗಿ ತಿಳಿದವರು ಸಾಕೆಟ್ಟಿನ ಸಹವಾಸ ಬಿಟ್ಟು, ಫ್ಯೂಸು ಹಾಕಿ, ನೇರ ಬ್ಯಾಟರಿಯಿಂದಲೇ ವೈರು ಎಳೆಯುತ್ತಾರೆ.

ಸಿಯಾಟಲ್‌ನಲ್ಲಿ ಹಿಮ ಅಪರೂಪ, ಆದ್ದರಿಂದಲೇ ಇಲ್ಲಿ ವರ್ಷವಿಡೀ ಬೈಕು ಓಡಿಸುವವರು ಸಾಕಷ್ಟಿದ್ದಾರೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವಾಗ ಎಂಟು ಗಂಟೆ ಸಮೀಪ, ಮುಳುಗುವಾಗ ನಾಲ್ಕೂ ಇಪ್ಪತ್ತು. ನಡುವೆ ಜಿನುಗು ಮಳೆ. ನಮ್ಮ ಸವಾರ ರೆಡ್ಮಂಡ್‌ನ ಆಫೀಸಿಗೆ ಹೋಗಬೇಕಾದರೆ ಲೇಕ್ ವಾಷಿಂಗ್ಟನ್ ದಾಟಬೇಕು. ದಾಟುವುದು 2016ರಲ್ಲಿ ತೆರೆದ 520ನೇ ಹೆದ್ದಾರಿಯ ಸೇತುವೆಯ ಮೇಲೆ. ಸುಮಾರು 2,350 ಮೀಟರ್ ಉದ್ದ, ಜಗತ್ತಿನ ಅತಿ ಉದ್ದದ ತೇಲುಸೇತುವೆ. ಅದರ ಮೇಲೆ ಗಾಳಿಗೆ ಅಡ್ಡ ಬರುವ ಒಂದು ಮರವೂ ಇಲ್ಲ.

ಥರ್ಮಾಮೀಟರ್ 4 ಡಿಗ್ರಿ ಅನ್ನುತ್ತದೆ. ಬೈಕು ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಓಡುತ್ತಿರುವಾಗ ಅದು ಬರೀ ಔಪಚಾರಿಕ ಮಾತು. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು 1941ರಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಸೀಸೆಗೆ ನೀರು ತುಂಬಿ ಗಾಳಿಗೆ ನೇತುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಗಾಳಿಚಳಿಯ ಲೆಕ್ಕ ಹುಟ್ಟಿದ್ದು ಅಲ್ಲಿಂದ. 2001ರಲ್ಲಿ ಅಮೆರಿಕ, ಕೆನಡಾ ಒಪ್ಪಿಕೊಂಡ ಹೊಸ ಸೂತ್ರಕ್ಕೆ ಈ ಸೇತುವೆಯ ಅಂಕಿಗಳನ್ನು ಹಾಕಿದರೆ ತೆರೆದ ಚರ್ಮಕ್ಕೆ ತಟ್ಟುವುದು ಮೈನಸ್ ಐದರ ಚಳಿ.

ಸಾಗರದಲ್ಲಿರುವ ಅಮ್ಮನಿಗೆ ವಿಡಿಯೊ ಕರೆಯಲ್ಲಿ ಬಿಸಿ ಜಾಕೆಟ್ಟು ತೋರಿಸಿದಾಗ ಬಂದ ಪ್ರಶ್ನೆ ಒಂದೇ: ‘ಮಳೇಲಿ ಕರೆಂಟ್ ಕೋಟು ಹಾಕ್ಕಂಡ್ ಹೋಗ್ತೀಯಾ, ಹೊಡೆಯಲ್ವನಾ ಮಾರಾಯ?’ ಮಲೆನಾಡಿನ ಮಳೆಯನ್ನು ಕಂಬಳಿಕೊಪ್ಪೆಯಲ್ಲಿ ಕಳೆದವರಿಗೆ ಸಹಜವಾದ ಅನುಮಾನ. ಹನ್ನೆರಡು ವೋಲ್ಟು ಯಾರಿಗೂ ಹೊಡೆಯುವುದಿಲ್ಲ ಎಂದು ಆತ ವಿವರಿಸಿದ. ‘ಹಂಗಾರೆ ಬೆಚ್ಚಗಾದ್ರೂ ಹೆಂಗಾಗ್ತದೆ?’ ಎಂದರು ಅಮ್ಮ. ವೋಲ್ಟಿಗೂ ವ್ಯಾಟಿಗೂ ಇರುವ ವ್ಯತ್ಯಾಸವನ್ನು ಇಷ್ಟು ಚುರುಕಾಗಿ ಕೆದಕಿದವರು ಆತನ ಆಫೀಸಿನ ಎಂಜಿನಿಯರುಗಳಲ್ಲೂ ಇರಲಿಲ್ಲ.

ವ್ಯಾಟಿನ ಲೆಕ್ಕವೇ ಈ ಹವ್ಯಾಸದ ನಿಜವಾದ ರುಚಿ. ಒಳಜಾಕೆಟ್ಟಿಗೆ 77 ವ್ಯಾಟ್ ಆಸುಪಾಸು, ಪ್ಯಾಂಟಿಗೆ 44, ಕೈಗವಸಿನ ಜೋಡಿಗೆ 27, ಕಾಲುಚೀಲಕ್ಕೂ ಹೆಚ್ಚುಕಡಿಮೆ ಅಷ್ಟೇ. ತಲೆಯಿಂದ ಪಾದದವರೆಗೆ ಬಿಸಿ ಹೊದ್ದವನು ಸುಮಾರು 175 ವ್ಯಾಟ್ ನುಂಗುತ್ತಾನೆ. ಹಳೆಯ ಹೋಂಡಾ ಗೋಲ್ಡ್‌ವಿಂಗ್‌ನಂಥ ಐರಾವತದ ಆಲ್ಟರ್ನೇಟರ್ ಸಾವಿರ ವ್ಯಾಟಿನ ಮೇಲೆ ಕೊಡುತ್ತದೆ, ಬಿಎಂಡಬ್ಲ್ಯು ಆರ್1200ಜಿಎಸ್‌ನ ಹಳೆಯ ಮಾದರಿ 720. ಅವರಿಗೆ ಚಿಂತೆಯಿಲ್ಲ. ಇನ್ನೂರು ಚಿಲ್ಲರೆ ವ್ಯಾಟಿನ ಸಿಂಗಲ್ ಸಿಲಿಂಡರ್ ಬೈಕಿನವನ ಗತಿ ಬೇರೆ. ಹ್ಯಾಲೋಜನ್ ಹೆಡ್‌ಲೈಟ್ 55 ವ್ಯಾಟ್ ತಿಂದು, ಇಗ್ನಿಷನ್ನು, ಪೆಟ್ರೋಲ್ ಪಂಪು ತಮ್ಮ ಪಾಲು ಕಿತ್ತುಕೊಂಡ ಮೇಲೆ ಉಳಿಯುವುದರಲ್ಲಿ ಪ್ಯಾಂಟು ಬಿಸಿ ಮಾಡಬೇಕೋ ಪಾದ ಬಿಸಿ ಮಾಡಬೇಕೋ ಎಂದು ಪಂಚಾಯ್ತಿ ಕೂರಿಸಬೇಕು. ಹೆಡ್‌ಲೈಟನ್ನು ಎಲ್‌ಇಡಿಗೆ ಬದಲಿಸಿದರೆ ಒಂದು ಜೊತೆ ಕೈಗವಸಿನಷ್ಟು ಕರೆಂಟು ಉಳಿತಾಯ. ಸಿಗ್ನಲ್ಲಿನಲ್ಲಿ ನಿಂತಾಗ ಆಲ್ಟರ್ನೇಟರಿನ ದುಡಿಮೆ ಇಳಿಯುತ್ತದೆ, ಜಾಕೆಟ್ಟಿನ ಹಸಿವು ಇಳಿಯುವುದಿಲ್ಲ. ನಮ್ಮ ಸವಾರ ಹ್ಯಾಂಡಲಿನ ಮೇಲೆ ಪುಟ್ಟದೊಂದು ವೋಲ್ಟ್‌ಮೀಟರ್ ಅಂಟಿಸಿಕೊಂಡಿದ್ದಾನೆ. ಹದಿಮೂರೂವರೆ ತೋರಿಸಿದರೆ ಸುಖ. ಹದಿಮೂರರ ಕೆಳಗೆ ಬಂದರೆ ಮೊದಲು ಕಾಲಿನ ಬಿಸಿ ಇಳಿಸುತ್ತಾನೆ, ಆಮೇಲೆ ಕೈಯದು. ಎದೆಯ ಬಿಸಿಗೆ ಕೈ ಹಾಕುವುದು ಕಟ್ಟಕಡೆಗೆ.

ಯಾಕೆ ಎದೆ? ಇಲ್ಲಿಗೆ ಆತ ಬೈಕ್ ಸವಾರರ ಇಡೀ ಬಳಗದ ಜೊತೆ ನಡೆಸುತ್ತ ಬಂದಿರುವ ವಾಗ್ವಾದಕ್ಕೆ ಬಂದೆವು.

ಬೆರಳು ಮರಗಟ್ಟಿದವನು ಮೊದಲು ಕೊಳ್ಳುವುದು ಕೈಗವಸು. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಬೆರಳಿಗೆ ಬಿಸಿ ತರುವುದು ರಕ್ತ, ರಕ್ತವನ್ನು ಎಲ್ಲಿಗೆ ಎಷ್ಟು ಕಳಿಸಬೇಕೆಂದು ತೀರ್ಮಾನಿಸುವುದು ಮುಂಡದ ಕ್ಷೇಮ ನೋಡಿಕೊಳ್ಳುವ ಮೆದುಳು. ಎದೆಗೂಡು ತಣ್ಣಗಾಗುತ್ತಿದೆ ಎಂದು ಸುದ್ದಿ ಹೋದೊಡನೆ ಅದು ಬೆರಳುಗಳ ರಕ್ತನಾಳ ಬಿಗಿದು, ಇದ್ದ ಬಿಸಿಯನ್ನೆಲ್ಲ ಹೃದಯ, ಶ್ವಾಸಕೋಶಗಳಿಗೆ ಕಾದಿರಿಸುತ್ತದೆ. ಎದೆಗೆ ಬಿಸಿ ಕೊಟ್ಟರೆ ಬಿಗಿ ಸಡಿಲಿ ರಕ್ತ ಬೆರಳಿಗೆ ಹರಿಯುತ್ತದೆ. ಟೊರಾಂಟೊದ ರಕ್ಷಣಾ ಸಂಶೋಧಕರು 1990ರ ದಶಕದಲ್ಲಿ ಜನರನ್ನು ಮೈನಸ್ 25 ಡಿಗ್ರಿಯ ಕೋಣೆಯಲ್ಲಿ ಬರಿಗೈಯಲ್ಲಿ ಕೂರಿಸಿ, ಮುಂಡಕ್ಕೆ ಮಾತ್ರ ವಿದ್ಯುತ್ ಬಿಸಿ ಕೊಟ್ಟು ನೋಡಿದರು. ಮೂರು ಗಂಟೆಯ ಮೇಲೂ ಬೆರಳುಗಳು ಆರಾಮವಾಗಿದ್ದವು. ಬೈಕಿನಲ್ಲಿ ಗಾಳಿಯ ಹೊಡೆತವೂ ಸೇರುವುದರಿಂದ ಕೈಗವಸು ಬೇಡವೆಂದಲ್ಲ. ಆದರೆ ದುಡ್ಡು ಒಂದಕ್ಕೇ ಇದ್ದರೆ ಎದೆ ಬೆಚ್ಚಗಿಡುವ ಬಿಸಿ ವೆಸ್ಟ್ ಕೊಳ್ಳಬೇಕು. ಹ್ಯಾಂಡಲ್ ಗ್ರಿಪ್ಪಿನ ಬಿಸಿಯನ್ನೇ ನಂಬಿದವರ ಅಂಗೈ ಸುಡುತ್ತಿರುತ್ತದೆ, ಗಾಳಿಗೆ ಎದುರಾದ ಕೈಯ ಹಿಂಬದಿ ಕೊರೆಯುತ್ತಿರುತ್ತದೆ.

ಇನ್ನೊಂದು ವ್ಯಾಜ್ಯ ಸ್ವೆಟರಿನದು. ವೆಸ್ಟ್ ಕೊಂಡ ಬುದ್ಧಿವಂತರೂ ಅದನ್ನು ಎರಡು ಸ್ವೆಟರಿನ ಮೇಲೆ ಹಾಕಿಕೊಂಡು, ‘ಏನೂ ಬಿಸಿಯೇ ಆಗಲ್ಲ’ ಎಂದು ದೂರುತ್ತಾರೆ. ಆಗುವುದು ಹೇಗೆ? ಒಳಗಿನ ಬಿಸಿಯನ್ನು ಹೊರಗೆ ಬಿಡದ ಉಣ್ಣೆ ಹೊರಗಿನ ಬಿಸಿಯನ್ನೂ ಒಳಗೆ ಬಿಡದು. ತಂತಿ ಸ್ವೆಟರಿನ ಹೊರಗಿದ್ದರೆ ಎಪ್ಪತ್ತು ವ್ಯಾಟೂ ಊರಿಗೆ ಧರ್ಮಾರ್ಥ. ಕ್ರಮ ಸರಳ: ಮೈಗೆ ತೆಳ್ಳನೆಯ ಬನಿಯನ್, ಅದರ ಮೇಲೆ ಮೈಗಂಟಿದ ಬಿಸಿಯುಡುಪು, ಅದರ ಮೇಲೆ ಸ್ವೆಟರು, ಎಲ್ಲಕ್ಕೂ ಹೊರಗೆ ಗಾಳಿ ನುಗ್ಗದ ಜಾಕೆಟ್ಟು. ಬನಿಯನ್ ಇಲ್ಲದೆ ಬರಿಮೈಗೆ ತೊಡುವುದೂ ತಪ್ಪು. 44 ಡಿಗ್ರಿಯಂಥ ಸೌಮ್ಯ ಬಿಸಿಯೂ ಐದಾರು ಗಂಟೆ ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆಂದು ಮೊರಿಟ್ಸ್ ಮತ್ತು ಹೆನ್ರಿಕ್ಸ್ 1947ರಲ್ಲೇ ತೋರಿಸಿದ್ದಾರೆ. ಇಷ್ಟನ್ನು ಕಾಫಿ ಯಂತ್ರದ ಪಕ್ಕ, ಪಾರ್ಕಿಂಗ್ ಜಾಗದಲ್ಲಿ, ಲಿಫ್ಟಿನೊಳಗೆ ಆತ ವಿವರಿಸಿದ್ದಾನೆ. ಕೇಳಿದವರು ತಲೆಯಾಡಿಸಿ ಮರುದಿನ ಮತ್ತೆ ಸ್ವೆಟರಿನ ಮೇಲೆ ವೆಸ್ಟ್ ತೊಟ್ಟು ಬರುತ್ತಾರೆ.

ಇವರನ್ನಾದರೂ ಸಹಿಸಬಹುದು, ಚಳಿವೀರರನ್ನು ಸಾಧ್ಯವಿಲ್ಲ. ಬಿಸಿಯುಡುಪು ಕಂಡರೆ ಮೂಗು ಮುರಿಯುವ ಒಂದು ಪಂಗಡವಿದೆ. ಅವರ ಬಾಯಲ್ಲಿ ಸದಾ ಜರ್ಮನಿಯ ಎಲೆಫಾಂಟೆನ್‌ಟ್ರೆಫೆನ್. 1956ರಲ್ಲಿ ಶುರುವಾದ ಈ ಚಳಿಗಾಲದ ಮೇಳಕ್ಕೆ ಸವಾರರು ಹಿಮದಲ್ಲೇ ಬೈಕು ಓಡಿಸಿಕೊಂಡು ಬವೇರಿಯಾದ ಕಾಡಿಗೆ ಬಂದು, ಟೆಂಟ್ ಹೊಡೆದು, ಒಣಹುಲ್ಲಿನ ಮೇಲೆ ಮಲಗುತ್ತಾರೆ. ಮೇಳದ ಹೆಸರಿಗೆ ಕಾರಣವಾದದ್ದು ‘ಹಸಿರು ಆನೆ’ ಎಂಬ ಅಡ್ಡಹೆಸರಿನ ಜ್ಯುಂಡಾಪ್ ಕೆಎಸ್ 601. ಸರಿ, ಅದು ಹಬ್ಬ. ಸೋಮವಾರ ಬೆಳಿಗ್ಗೆ ಮೀಟಿಂಗಿಗೆ ಹೋಗುವವನು ಯಾಕೆ ನಡುಗಬೇಕು? ಸೆಟೆದ ಬೆರಳು ಬ್ರೇಕಿನ ಮೇಲೆ ಕಾಲು ಸೆಕೆಂಡು ತಡವಾಗಿ ಬಿಗಿದರೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬೈಕು ಏಳು ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನ ಕಾರಿನ ಬಂಪರಿಗೆ ಗಂಡಸುತನ ಅರ್ಥವಾಗುವುದಿಲ್ಲ. ಚಳಿಯಲ್ಲಿ ಕಾರಿನ ಹೀಟರ್ ಹಾಕಿಕೊಂಡವನನ್ನು ಯಾರೂ ಹೇಡಿ ಅನ್ನುವುದಿಲ್ಲ, ಬೈಕಿನವನಿಗೆ ಮಾತ್ರ ಈ ಅಗ್ನಿಪರೀಕ್ಷೆ. ಅಗ್ನಿಯೂ ಇಲ್ಲದ ಪರೀಕ್ಷೆ!

ಈ ವೀರರಿಗೆ ಆತ ಹೇಳುವ ಕತೆ ಸಿಯಾಟಲ್‌ನದೇ. ಎರಡನೇ ಮಹಾಯುದ್ಧದಲ್ಲಿ ಬೋಯಿಂಗ್ ಕಂಪನಿ ಇಲ್ಲಿನ ಡುವಾಮಿಶ್ ನದಿಯ ದಡದಲ್ಲಿ ಬಿ-17 ಬಾಂಬರುಗಳನ್ನು ಸಾವಿರಗಟ್ಟಲೆ ಕಟ್ಟಿತು. ವಿಮಾನದ ಪಕ್ಕದ ಗನ್ನರುಗಳು 25,000 ಅಡಿ ಎತ್ತರದಲ್ಲಿ, ಮೈನಸ್ 40ರ ಚಳಿಯಲ್ಲಿ ತೆರೆದ ಕಿಟಕಿಯ ಬಳಿ ನಿಲ್ಲಬೇಕಿತ್ತು. ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಪಡೆಯಲ್ಲಿ ಮೊದಲ ವರ್ಷ ಶತ್ರುವಿನ ಗುಂಡಿಗಿಂತ ಹೆಚ್ಚು ಜನರನ್ನು ಕೆಲಸಕ್ಕೆ ಬಾರದಂತೆ ಮಾಡಿದ್ದು ಹಿಮಕಡಿತ. ಅವರಿಗೆಂದು ಬಂದ ವಿದ್ಯುತ್ ಸೂಟಿಗೆ ನೀಲಿ ಬಣ್ಣದಿಂದಾಗಿ ‘ಬ್ಲೂ ಬನ್ನಿ’ ಎಂಬ ಅಡ್ಡಹೆಸರು. ತೊಡಕೊಂದಿತ್ತು: ಕೈಗವಸು, ಬೂಟು, ಸೂಟು ಎಲ್ಲವೂ ಒಂದೇ ಸರಣಿಯ ತಂತಿಯಲ್ಲಿ. ಒಂದು ಕೈಗವಸಿನ ತಂತಿ ಕಡಿದರೆ ಮೈಯೆಲ್ಲ ತಣ್ಣಗೆ. ಮುಂದಿನ ಸೂಟುಗಳಲ್ಲಿ ತಂತಿಗಳನ್ನು ಸಮಾನಾಂತರವಾಗಿ ಜೋಡಿಸಿದರು. ಇವತ್ತು ಎಡಗೈಯ ತಂತಿ ಕೈಕೊಟ್ಟರೂ ಬಲಗೈ ಬೆಚ್ಚಗಿರುವುದು ಆ ತಿದ್ದುಪಡಿಯ ಫಲ. ಗನ್ನರುಗಳಿಗಿಂತ ತಾವು ಗಟ್ಟಿ ಎನ್ನುವವರು ಕೈಯೆತ್ತಲಿ.

ಯುದ್ಧ ಮುಗಿದ ಮೇಲೂ ಬೋಯಿಂಗ್ ಈ ಕತೆಯಿಂದ ಮಾಯವಾಗಲಿಲ್ಲ. 1970ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಗೋರ್ಡನ್ ಜರ್ಬಿಂಗ್ ಬೋಯಿಂಗ್‌ಗೆ ಬಿಡಿಭಾಗ ಮಾಡಿಕೊಡುವ ಕಾರ್ಯಾಗಾರ ಇಟ್ಟುಕೊಂಡಿದ್ದರು. ಚಳಿಯಲ್ಲಿ ಬೈಕಿನಲ್ಲೇ ಕೆಲಸಕ್ಕೆ ಬರುತ್ತಿದ್ದವರನ್ನು ಕಂಡು ಬಿಸಿಯುಡುಪು ಹೊಲಿಯಲು ಹೊರಟರು, ಕಡೆಗೆ ಅದೇ ಅವರ ಉದ್ಯಮವಾಯಿತು. ಬ್ರೆಮರ್ಟನ್‌ನಿಂದ ಬರುವ ದೋಣಿಯಲ್ಲಿ ಇವತ್ತಿಗೂ ಆ ಹೆಸರಿನ ಜಾಕೆಟ್ಟುಗಳನ್ನು ಕಾಣಬಹುದು. ವಾಷಿಂಗ್ಟನ್ ರಾಜ್ಯದ ದೋಣಿಗಳಲ್ಲಿ ಬೈಕುಗಳನ್ನು ಕಾರುಗಳಿಗಿಂತ ಮೊದಲು ಹತ್ತಿಸುತ್ತಾರೆ. ಒಂದು ಗಂಟೆಯ ಪಯಣ. ಸವಾರರು ಬೈಕು ನಿಲ್ಲಿಸಿ ಮೇಲಿನ ಅಟ್ಟಕ್ಕೆ ಕಾಫಿ ಕುಡಿಯಲು ಹೋಗುತ್ತಾರೆ, ಜಾಕೆಟ್ಟಿನ ಅಂಚಿನಿಂದ ವೈರು ಜೋತಾಡುತ್ತಿರುತ್ತದೆ, ಹಗ್ಗ ಹರಿದುಕೊಂಡ ಕರುಗಳ ಹಾಗೆ.

ವೈರು ಬೇಡವೆಂದವರಿಗೆ ಬ್ಯಾಟರಿ ಕೈಗವಸುಗಳಿವೆ. ಜೋರು ಬಿಸಿಯಲ್ಲಿಟ್ಟರೆ ಎರಡು ಗಂಟೆಯ ಆಸುಪಾಸು, ಚಳಿ ಹೆಚ್ಚಿದಷ್ಟೂ ಲಿಥಿಯಂ ಬ್ಯಾಟರಿಯ ಕಸುವು ಕಡಿಮೆ. ಅಗತ್ಯ ಹೆಚ್ಚಿದಾಗ ಶಕ್ತಿ ಕುಂದುವ ನೆಂಟ. ಬೈಕಿನಿಂದಿಳಿದು ನಡೆಯುವವರಿಗೆ ಚೆನ್ನ, ದಿನಾ ಸೇತುವೆ ದಾಟುವವನಿಗೆ ವೈರೇ ವಾಸಿ.

ಆದರೆ ಸವಾರನ ಪಿತ್ತ ನೆತ್ತಿಗೇರುವುದು ಕಂಟ್ರೋಲರಿಗೆ ಬಂದ ಸುಧಾರಣೆಗೆ. ಹಳೆಯ ಕಂಟ್ರೋಲರ್ ಅಂದರೆ ಒಂದು ತಿರುಗುಗುಂಡಿ. ಒಳಗೆ ಕರೆಂಟನ್ನು ಪಟಪಟನೆ ಹತ್ತಿಸಿ ಆರಿಸುವ ಸರ್ಕ್ಯೂಟು. ಹತ್ತಿರುವ ಹೊತ್ತು ಹೆಚ್ಚಿದಷ್ಟೂ ಬಿಸಿ ಹೆಚ್ಚು. ದಪ್ಪ ಕೈಗವಸಿನಲ್ಲೂ, ಕತ್ತಲಲ್ಲೂ, ರಸ್ತೆಯಿಂದ ಕಣ್ಣು ಕೀಳದೆ ತಿರುಗಿಸಬಹುದು. ಆತನದರಲ್ಲಿ ಎದೆಗೊಂದು, ಕೈಗೊಂದು, ಕಾಲಿಗೊಂದು ಗುಂಡಿ. ಈಗಿನ ಕೆಲವು ಕಂಪನಿಗಳು ಗುಂಡಿ ತೆಗೆದು ಬ್ಲೂಟೂತ್ ತಂದಿವೆ, ಬಿಸಿ ಹೆಚ್ಚು ಕಡಿಮೆ ಮಾಡುವುದು ಫೋನಿನ ಆ್ಯಪ್‌ನಲ್ಲಿ. ಕಾರಿನ ಲೋಕದಲ್ಲಿ ಇದಕ್ಕೊಬ್ಬ ಅಣ್ಣನೂ ಇದ್ದ. 2022ರಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾದಂಥ ಕಡೆ ಕಾರಿನಲ್ಲಿ ಆಗಲೇ ಕೂರಿಸಿದ್ದ ಬಿಸಿ ಸೀಟಿಗೆ ತಿಂಗಳ ಬಾಡಿಗೆ ಕೇಳಿತು, ಜನ ಉಗಿದ ಮೇಲೆ ಮರುವರ್ಷ ಕೈಬಿಟ್ಟಿತು. ಆ್ಯಪ್‌ನವರನ್ನು ಮಾತ್ರ ಇನ್ನೂ ಯಾರೂ ಸಾಕಷ್ಟು ಉಗಿದಂತಿಲ್ಲ. ಸೇತುವೆಯ ನಡುವೆ ಕೈ ತಣ್ಣಗಾಯಿತು ಅನ್ನಿ: ಮಳೆಯಲ್ಲಿ ಬೈಕು ನಿಲ್ಲಿಸಲು ಜಾಗ ಹುಡುಕಬೇಕು, ಜಾಕೆಟ್ಟಿನ ಜಿಪ್ಪು ಬಿಚ್ಚಿ ಫೋನು ತೆಗೆಯಬೇಕು, ಕೈಗವಸಿನ ಬಿಸಿ ಹೆಚ್ಚಿಸಲು ಮೊದಲು ಕೈಗವಸನ್ನೇ ಕಳಚಬೇಕು, ಒದ್ದೆ ಪರದೆಯ ಮೇಲೆ ಮರಗಟ್ಟಿದ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಬೇಕು. ಒತ್ತಿದರೆ ಆ್ಯಪ್ ಹೇಳುತ್ತದೆ: ಅಪ್‌ಡೇಟ್ ಮಾಡಿ.