ಕೊಂಡವರು, ಬಿಟ್ಟವರು, ಉಳಿದವರು

ಜಿದ್ದಾ ಎಂಬ ಹೆಸರು ನಮ್ಮ ಕಡೆಯ ಮನೆಗಳಿಗೆ ಹೊಸದೇನಲ್ಲ. ಹಜ್ ಯಾತ್ರೆಗೆ ಹೋಗಿಬಂದ ಹಿರಿಯರ ಬಾಯಲ್ಲಿ ಆ ಹೆಸರು ಬರುತ್ತದೆ. ದುಡಿಮೆಗೆಂದು ಸೌದಿಗೆ ಹೋದ ಗಂಗಾವತಿ, ಕೊಪ್ಪಳದ ಹುಡುಗರ ಫೋನ್ ಮಾತಿನಲ್ಲೂ ಬರುತ್ತದೆ. 2024ರ ನವೆಂಬರ್ 24 ಮತ್ತು 25ರಂದು ಅದೇ ಜಿದ್ದಾದಲ್ಲಿ ಐಪಿಎಲ್ ಆಟಗಾರರ ಹರಾಜು ನಡೆಯಿತು. ಒಂದೊಂದು ತಂಡಕ್ಕೆ 120 ಕೋಟಿ ರೂಪಾಯಿಗಳ ಮಿತಿ. ಒಬ್ಬ ಆಟಗಾರನಿಗೆ ಕೂಗಿದ ಅತಿ ಹೆಚ್ಚಿನ ಬೆಲೆ 27 ಕೋಟಿ. ಕಡಿಮೆಯೆಂದರೂ 30 ಲಕ್ಷದಿಂದ ಕೂಗು ಶುರು.

ನಾವು ನಾಲ್ವರು ಗೆಳೆಯರು. ಕೊಪ್ಪಳದವನೊಬ್ಬ, ಗಂಗಾವತಿಯವನೊಬ್ಬ, ಕುಷ್ಟಗಿಯವನೊಬ್ಬ, ಯಲಬುರ್ಗಾದವನೊಬ್ಬ. ಕಾಲೇಜಿನ ದಿನಗಳಲ್ಲಿ ಒಂದೇ ತಂಡಕ್ಕೆ ಆಡಿದವರು. ಈಗ ಆಡುವ ವಯಸ್ಸು ದಾಟಿದೆ, ಮಾತಾಡುವ ವಯಸ್ಸು ಬಂದಿದೆ. ಭಾನುವಾರವಾದ್ದರಿಂದ ಅಂದು ಗಂಗಾವತಿಯ ಚಹಾದಂಗಡಿಯೊಂದರಲ್ಲಿ ಸೇರಿದ್ದೆವು. ಮಂಡಾಳು ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಒಂದೇ ಮೊಬೈಲಿಗೆ ನಾಲ್ಕು ತಲೆ ಬಾಗಿಸಿ ಹರಾಜು ನೋಡಿದೆವು. ನಮ್ಮೆಲ್ಲರ ಗಮನ ಬೆಂಗಳೂರಿನ ತಂಡದ ಮೇಲೆ. ರಾಯಲ್ ಚಾಲೆಂಜರ್ಸ್ ತಂಡದವರು ಹಳಬರಲ್ಲಿ ಮೂವರನ್ನು ಮಾತ್ರ ಉಳಿಸಿಕೊಂಡಿದ್ದರು: ವಿರಾಟ್ ಕೊಹ್ಲಿ 21 ಕೋಟಿಗೆ, ರಜತ್ ಪಾಟೀದಾರ್ 11 ಕೋಟಿಗೆ, ಯಶ್ ದಯಾಳ್ 5 ಕೋಟಿಗೆ. ಉಳಿದವರನ್ನೆಲ್ಲ ಬಿಟ್ಟು, ಕೈಯಲ್ಲಿ 83 ಕೋಟಿ ಹಿಡಿದು ಬಂದಿದ್ದರು. ಎಂದರೆ ಮನೆಯನ್ನು ರಿಪೇರಿ ಮಾಡುವುದಲ್ಲ, ಕೆಡವಿ ಕಟ್ಟುವುದು.

ಈ ತಂಡದ ಹಳೆಯ ಚಾಳಿ ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು. ಹೆಸರಿಗೆ ಮರುಳಾಗುವುದು. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಕೊಟ್ಟರು, ಒಂದೇ ವರ್ಷಕ್ಕೆ ಬಿಟ್ಟರು. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ, ಆತನೂ ಒಂದೇ ವರ್ಷ. 2024ರ ಋತುವಿಗೆ ಕ್ಯಾಮರೂನ್ ಗ್ರೀನ್‌ಗೆ 17.50 ಕೋಟಿ, ಅಲ್ಜಾರಿ ಜೋಸೆಫ್‌ಗೆ 11.50 ಕೋಟಿ. ಇಬ್ಬರದೂ ಅದೇ ಕತೆ. ಫೈನಲ್ ತಲುಪಿ ಸೋತದ್ದು ಮೂರು ಸಲ: 2009, 2011, 2016. ಆ 2016ರಲ್ಲಿ ಕೊಹ್ಲಿ ಒಬ್ಬನೇ 973 ರನ್ ಹೊಡೆದಿದ್ದ. ಆದರೂ ಸ್ವಂತ ಊರಿನ ಅಂಗಳದಲ್ಲೇ ಎದುರಾಳಿಗೆ 208 ರನ್ ಬಿಟ್ಟುಕೊಟ್ಟು 8 ರನ್ನಿನಿಂದ ಸೋತರು. ಒಂದು ಕಡೆ ತುಂಬಿಸುವುದು, ಇನ್ನೊಂದು ಕಡೆ ಸೋರುವುದು.

ಸೋರುವುದೆಂದರೆ ಏನೆಂದು ಆ ವರ್ಷ ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿ ಹೋಗಿತ್ತು. ಇರುವುದು 33 ಗೇಟು. ಉಳಿದ 32 ನಿಂತಿದ್ದರೂ ತುಂಬಿದ ಜಲಾಶಯದ ನೀರು ನಿಲ್ಲದಾಯಿತು. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿದ್ದ ಗಂಗಾವತಿಯ ರೈತರು ಆ ವಾರ ನಿದ್ದೆ ಮಾಡಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಉಕ್ಕಿನ ಹಲಗೆ ಇಳಿಸಿ ಒಂದು ವಾರದೊಳಗೆ ಆ ಬಾಯಿ ಮುಚ್ಚಿದರು.

ಅಂದು ಚಹಾದಂಗಡಿಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಹಿರಿಯ ರೈತರೊಬ್ಬರಿಗೆ ಕ್ರಿಕೆಟ್ಟಿನ ಗಂಧವಿಲ್ಲ. ನಮ್ಮ ಗದ್ದಲ ಕೇಳಿ, "ಏನ್ ಖರೀದಿ ನಡದೈತಿ ತಮ್ಮಾ?" ಎಂದರು. ಹೇಳಿದೆವು. ಕನ್ನಡಿಗ ಕೆ.ಎಲ್. ರಾಹುಲ್‌ನನ್ನು ಬೆಂಗಳೂರಿನವರು ಕೊಳ್ಳಲಿಲ್ಲ, ದೆಹಲಿಯವರು 14 ಕೋಟಿಗೆ ಒಯ್ದರು ಎಂದು ನಮ್ಮ ಸಂಕಟವನ್ನೂ ತೋಡಿಕೊಂಡೆವು. ಅವರು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ, "ಹೋದದ್ದು ಹತ್ತೊಂಬತ್ತನೇ ಗೇಟು ಅಂದಮ್ಯಾಲೆ ಹತ್ತೊಂಬತ್ತನೇದಕ್ಕ ಕೂಡೂದು ತರಬೇಕಲ್ಲ. ಚೊಲೋ ಐತಿ ಅಂತ ಮತ್ತೊಂದು ತಂದು ಎಲ್ಲಿ ಇಡ್ತೀರಿ?" ಎಂದರು. ನಮ್ಮ ಚರ್ಚೆ ಅಲ್ಲಿಗೆ ನಿಂತಿತು.

ಆ ಹರಾಜಿನಲ್ಲಿ ಬೆಂಗಳೂರಿನವರು ಮಾಡಿದ್ದು ಅದನ್ನೇ. ಜೋಶ್ ಹ್ಯಾಜಲ್‌ವುಡ್‌ಗೆ 12.50 ಕೋಟಿ, ಫಿಲ್ ಸಾಲ್ಟ್‌ಗೆ 11.50, ಜಿತೇಶ್ ಶರ್ಮಾಗೆ 11, ಭುವನೇಶ್ವರ್ ಕುಮಾರ್‌ಗೆ 10.75, ಕೃಣಾಲ್ ಪಾಂಡ್ಯಗೆ 5.75, ಟಿಮ್ ಡೇವಿಡ್‌ಗೆ 3 ಕೋಟಿ. ನಮ್ಮ ಪಕ್ಕದ ರಾಯಚೂರಿನ ಮನೋಜ್ ಭಾಂಡಗೆಗೆ 30 ಲಕ್ಷ. ಹಣ ಒಬ್ಬಿಬ್ಬರ ಮೇಲೆ ಸುರಿಯಲಿಲ್ಲ, ಬೇಕಾದ ಕಡೆ ಹಂಚಿಹೋಯಿತು. ಬೌಲಿಂಗ್ ಎಂಬ ಹಳೆಯ ಸೋರಿಕೆಗೆ ಹಲಗೆ ಬಿತ್ತು. 2025ರ ಋತುವಿನಲ್ಲಿ ಹ್ಯಾಜಲ್‌ವುಡ್ 22 ವಿಕೆಟ್ ತೆಗೆದ, ಭುವನೇಶ್ವರ್ ಮತ್ತು ಕೃಣಾಲ್ ತಲಾ 17. ಲೀಗ್ ಹಂತದಲ್ಲಿ ಹೊರ ಊರಿನ ಏಳೂ ಪಂದ್ಯ ಗೆದ್ದರು. ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ, 18ನೇ ಋತುವಿನಲ್ಲಿ ಮೊದಲ ಸಲ ಕಪ್ ಎತ್ತಿದರು. ಪಂದ್ಯದ ಶ್ರೇಷ್ಠ ಆಟಗಾರ 27 ಕೋಟಿಯವನಲ್ಲ. 4 ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ಕಿತ್ತ ಕೃಣಾಲ್. 27 ಕೋಟಿಯ ರಿಷಭ್ ಪಂತ್ ಇದ್ದ ಲಕ್ನೋ ತಂಡವಾಗಲಿ, 23.75 ಕೋಟಿಯ ವೆಂಕಟೇಶ್ ಅಯ್ಯರ್ ಇದ್ದ ಕೋಲ್ಕತ್ತಾ ತಂಡವಾಗಲಿ ಪ್ಲೇಆಫ್ ಕೂಡ ತಲುಪಲಿಲ್ಲ.

ಇಲ್ಲಿಯವರೆಗಿನದು ಗೆದ್ದವರ ಲೆಕ್ಕ. ತಂಡ ಹೊಸದಾಗಿ ಕಟ್ಟುವಾಗ ಕೊಂಡವರ ಪಟ್ಟಿಯನ್ನು ಪತ್ರಿಕೆಗಳು ದೊಡ್ಡದಾಗಿ ಹಾಕುತ್ತವೆ. ಬಿಟ್ಟವರ ಪಟ್ಟಿ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ನಮ್ಮ ಕಣ್ಣು ಆ ಸಣ್ಣ ಅಕ್ಷರದಲ್ಲಿದ್ದ ಮೊಹಮ್ಮದ್ ಸಿರಾಜ್ ಹೆಸರಿನ ಮೇಲೆ ನಿಂತಿತ್ತು.

ಸಿರಾಜ್ ಹೈದರಾಬಾದಿನ ಆಟೋ ಚಾಲಕನ ಮಗ. ಒಂದು ಕಾಲಕ್ಕೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಗೆ ಹೈದರಾಬಾದಿನ ಹುಡುಗ ಪರಕೀಯನಲ್ಲ. 2018ರಿಂದ ಏಳು ಋತು ಬೆಂಗಳೂರಿಗೆ ಆಡಿದ. ಮೊದಮೊದಲು ರನ್ ಬಿಟ್ಟಾಗ, ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸು ಎಂದು ಜನ ಹಂಗಿಸಿದರು. ಅಪ್ಪ ತೀರಿಕೊಂಡದ್ದು 2020ರ ನವೆಂಬರಿನಲ್ಲಿ. ಮಗ ಆಗ ಭಾರತ ತಂಡದೊಂದಿಗೆ ಆಸ್ಟ್ರೇಲಿಯದಲ್ಲಿದ್ದ. ಊರಿಗೆ ಮರಳದೆ ಅಲ್ಲೇ ಉಳಿದ. 2021ರ ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರಿಂದ ಬೈಗುಳ ತಿಂದ. ಅದೇ ತಿಂಗಳು ಬ್ರಿಸ್ಬೇನಿನಲ್ಲಿ ಒಂದೇ ಇನಿಂಗ್ಸ್‌ನಲ್ಲಿ 5 ವಿಕೆಟ್ ತೆಗೆದ. ಇಂಥವನನ್ನೂ ಬಿಟ್ಟರು. ಗುಜರಾತಿನವರು 12.25 ಕೋಟಿಗೆ ಕೊಂಡರು.

ತಂಡ ಮಾಡಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕಪ್ ಗೆದ್ದ ಮೇಲೆ ಹಾಗೆ ಹೇಳಲು ಬರುವುದೂ ಇಲ್ಲ. ಆದರೆ ಏಳು ವರ್ಷ ನಮ್ಮವನಾಗಿದ್ದವನು ಒಂದು ಮಧ್ಯಾಹ್ನದಲ್ಲಿ ಪರರವನಾದಾಗ ನಾವು ಅವನನ್ನು ಹೇಗೆ ನೋಡುತ್ತೇವೆ ಎಂಬುದು ತಂಡದ ಪ್ರಶ್ನೆಯಲ್ಲ, ನಮ್ಮ ಪ್ರಶ್ನೆ. 2025ರ ಏಪ್ರಿಲ್ 2ರಂದು ಸಿರಾಜ್ ಗುಜರಾತಿನ ಅಂಗಿ ತೊಟ್ಟು ಚಿನ್ನಸ್ವಾಮಿ ಅಂಗಳಕ್ಕೆ ಬಂದ. 19 ರನ್ ಕೊಟ್ಟು 3 ವಿಕೆಟ್ ತೆಗೆದು ಬೆಂಗಳೂರನ್ನು ಸೋಲಿಸಿದ. ಅಂದು ನಾವು ನಾಲ್ವರೂ ಸೋಲಿಗೆ ಬೇಸರಪಟ್ಟೆವು, ಅವನಿಗೆ ಚಪ್ಪಾಳೆಯನ್ನೂ ತಟ್ಟಿದೆವು. ಎರಡೂ ಒಟ್ಟಿಗೆ ಸಾಧ್ಯ.

ಆಟಗಾರ ತಂಡ ಬಿಟ್ಟು ತಂಡಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಫುಟ್ಬಾಲಿನಲ್ಲಿ ಬೆಂಗಳೂರಿನದೇ ದೊಡ್ಡ ಕತೆಯಿದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ, ಆಗ ಸೋಲೇ ಅರಿಯದಂತಿದ್ದ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿತು. ಮರುವರ್ಷ ಮತ್ತೆ ಕಪ್ ಗೆದ್ದಿತು. ಬೆಂಗಳೂರಿನ ಓಣಿಗಳಲ್ಲಿ ಪ್ರತಿಭೆಯಿದೆಯೆಂದು ಕಲ್ಕತ್ತೆಯ ಕ್ಲಬ್ಬುಗಳಿಗೆ ಗೊತ್ತಿತ್ತು. ಈಸ್ಟ್ ಬೆಂಗಾಲ್ ತಂಡ 1940ರ ದಶಕದ ಕೊನೆಗೆ ಕಟ್ಟಿದ ಐವರ ಮುಂಪಡೆಯನ್ನು ಜನ ಪಂಚಪಾಂಡವರೆಂದು ಕರೆದರು. ಅವರಲ್ಲಿ ಅಹಮದ್ ಖಾನ್, ವೆಂಕಟೇಶ್, ಧನರಾಜ್ ಬೆಂಗಳೂರಿನವರು. ಅಪ್ಪಾರಾವ್ ಆಂಧ್ರದವರು, ಸಾಲೆ ಕೇರಳದವರು. 1949ರಲ್ಲಿ ಈ ತಂಡ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಪಂಚಪಾಂಡವರಲ್ಲಿ ಒಬ್ಬ ಅಹಮದ್, ಒಬ್ಬ ಸಾಲೆ! ಹೆಸರಿಟ್ಟ ಜನರಿಗೆ ಅದು ವಿಚಿತ್ರವೆನಿಸಲಿಲ್ಲ. ಈ ಮಾತು ಇಂದಿನವರು ನೆನೆಯುವಂಥದ್ದು.

ಹೋಗುವುದು ಹಳೆಯದಾದರೂ, ಹೋಗುವ ಹಕ್ಕು ಸುಲಭಕ್ಕೆ ಸಿಕ್ಕದ್ದಲ್ಲ. ಯುರೋಪಿನಲ್ಲಿ ಕರಾರು ಮುಗಿದ ಮೇಲೂ ಹಳೆಯ ಕ್ಲಬ್ಬು ಹಣ ಕೇಳಿ ಆಟಗಾರನನ್ನು ತಡೆಯಬಹುದಿತ್ತು. ಬೆಲ್ಜಿಯಂನ ಜೀನ್ ಮಾರ್ಕ್ ಬಾಸ್ಮನ್ ಎಂಬ ಸಾಧಾರಣ ಆಟಗಾರ 1990ರಲ್ಲಿ ಹಾಗೆ ಸಿಕ್ಕಿಬಿದ್ದು ನ್ಯಾಯಾಲಯಕ್ಕೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಕರಾರು ಮುಗಿದವನು ತನಗೆ ಬೇಕಾದ ತಂಡ ಸೇರಬಹುದೆಂಬುದು ಅಂದಿನಿಂದ ಗಟ್ಟಿಯಾಯಿತು. ನಮ್ಮ ಐಪಿಎಲ್ ಹರಾಜಿನಲ್ಲಿ ಕೋಟಿಗಳಿವೆ, ಈ ಆಯ್ಕೆಯಿಲ್ಲ. ಯಾರು ಹೆಚ್ಚು ಕೂಗುತ್ತಾರೋ ಅವರ ಪಾಲು.

ಕೋಟಿ ಸಿಗುವವರ ಬಗ್ಗೆ ಮರುಕವೇಕೆ ಎಂದು ಓದುಗರು ಕೇಳಬಹುದು. ಸರಿಯೇ. ನಾವು ಮರುಗುವುದು ಬೇರೆಯವರಿಗಾಗಿ. ಜಿದ್ದಾದಲ್ಲಿ ಹರಾಜು ನಡೆದ ದಿನ ಅದೇ ಊರಿನಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಮನೆಯ ಕಾರಿನ ಚಾಲಕನಾಗಿದ್ದ. ಪಾಸ್‌ಪೋರ್ಟ್ ಕಫೀಲನ ಬಳಿ. ಕೆಲಸ ಬದಲಿಸಬೇಕೆಂದರೆ ಅವನ ಒಪ್ಪಿಗೆ ಬೇಕು. ಸೌದಿ ಸರ್ಕಾರ 2021ರ ಮಾರ್ಚಿನಲ್ಲಿ ಈ ನಿಯಮವನ್ನು ಸಡಿಲಿಸಿತು. ಆದರೆ ಮನೆಗೆಲಸದವರು, ಮನೆಯ ಚಾಲಕರು ಆ ಸಡಿಲಿಕೆಯ ಹೊರಗೆ ಉಳಿದರು. ಅಷ್ಟು ದೂರ ಯಾಕೆ? ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳಿಗೆ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಮುಂಗಡ ತೀರುವವರೆಗೆ ಆ ಕೆಲಸ ಬಿಡುವಂತಿಲ್ಲ. ಗಂಡ, ಹೆಂಡತಿ, ಬೆಳೆದ ಮಗ ಎಂದು ತಲೆ ಎಣಿಸಿಯೇ ಮೊತ್ತ ನಿರ್ಧಾರವಾಗುತ್ತದೆ. ಅದೂ ಒಂದು ಹರಾಜೇ. ಕೂಗುವವನು ಮಾತ್ರ ಒಬ್ಬನೇ.

ಇನ್ನು ನಮ್ಮ ಊರುಗಳ ಹರಾಜು. ಟಿವಿಯ ಹರಾಜು ಈಗ ಹಳ್ಳಿಯ ಟೆನಿಸ್ ಬಾಲ್ ಟೂರ್ನಿಗೂ ಇಳಿದಿದೆ. ಅಕ್ಕಿ ಗಿರಣಿಯವರು, ಗುತ್ತಿಗೆದಾರರು, ಸೈಟು ಮಾರುವವರು, ಚುನಾವಣೆಗೆ ನಿಲ್ಲುವ ಆಸೆಯಿರುವವರು ಮಾಲೀಕರು. ಒಬ್ಬೊಬ್ಬರಿಗೆ ಇಷ್ಟಿಷ್ಟು ಪಾಯಿಂಟು. ಶಾಮಿಯಾನ, ಮೈಕು, ಮೇಜಿನ ಮೇಲೆ ಪೆಟ್ಟು ಹಾಕಲು ಕಟ್ಟಿಗೆಯ ಸುತ್ತಿಗೆ, ಎಲ್ಲ ಇರುತ್ತದೆ. ಹುಡುಗರಿಗೆ ಹುರುಪು ಬರುವುದು ನಿಜ. ಓಣಿಗೊಂದು, ಜಾತಿಗೊಂದು ಎಂದಿದ್ದ ತಂಡಗಳು ಹರಾಜಿನಿಂದ ಬೆರೆತವು ಎಂಬುದೂ ನಿಜ. ನಾವು ಅದನ್ನು ಕಣ್ಣಾರೆ ಕಂಡಿದ್ದೇವೆ.

ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ ಅಂಥ ಹರಾಜಿಗೆ ನಮ್ಮನ್ನು ಅತಿಥಿಗಳಾಗಿ ಕರೆದಿದ್ದರು. ಬಣ್ಣ ಬಳಿಯುವ ಕೆಲಸದ ಹುಡುಗನೊಬ್ಬನ ಹೆಸರು ಎರಡು ಸಲ ಕೂಗಿದರು. ಯಾರೂ ಕೈ ಎತ್ತಲಿಲ್ಲ. ಮೈಕಿನಲ್ಲಿ "ಅನ್‌ಸೋಲ್ಡ್" ಎಂದರು. ಹುಡುಗ ತಲೆ ತಗ್ಗಿಸಿದ. ಹಿಂದೆ ನಿಂತಿದ್ದ ಅವನ ತಂದೆ ನಮ್ಮ ಬಳಿ ಬಂದು, "ಅನ್‌ಸೋಲ್ಡ್ ಅಂದ್ರ ಏನ್ರೀ ಸರ?" ಎಂದು ಕೇಳಿದರು. "ಅವನ ತಂಡ ಇನ್ನೂ ಗೊತ್ತಾಗಿಲ್ಲ ಅಂತ ಚಾಚಾ, ಆಮ್ಯಾಲೆ ಹೇಳ್ತಾರ" ಎಂದೆವು. ಊಟದ ಹೊತ್ತಿಗೆ ಸಂಘಟಕರನ್ನು ಕೂರಿಸಿಕೊಂಡು ಮಾತಾಡಿದೆವು. ಕೊನೆಗೆ ಉಳಿದ ಆರು ಹುಡುಗರ ಹೆಸರನ್ನು ಚೀಟಿ ಬರೆದು ತಂಡಗಳಿಗೆ ಹಂಚಿದರು. ಮರುವರ್ಷದಿಂದ ಅಲ್ಲಿ ಆ ಪದವನ್ನು ಮೈಕಿನಲ್ಲಿ ಹೇಳುವುದನ್ನೇ ಬಿಟ್ಟಿದ್ದಾರೆ. ಚೀಟಿಯಲ್ಲಿ ಸಿಕ್ಕ ಆ ಹುಡುಗ ದೊಡ್ಡ ಆಟಗಾರನೇನೂ ಆಗಲಿಲ್ಲ. ಎರಡು ಒಳ್ಳೆಯ ಕ್ಯಾಚು ಹಿಡಿದ. ಅವನಿಗೂ ಒಂದು ಜೆರ್ಸಿ ಸಿಕ್ಕಿತು. ಅಷ್ಟು ಸಾಕಿತ್ತು.

ಬೆಲೆಯ ಮಾತು ಬಂದಾಗ 2025ರ ಜೂನ್ 4ನ್ನು ಮರೆಯಲಾಗದು. ಕಪ್ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ಸರ್ಕಾರ ಮೊದಲು 10 ಲಕ್ಷ ಎಂದಿತು, ಬಳಿಕ 25 ಲಕ್ಷಕ್ಕೆ ಏರಿಸಿತು. ತಂಡದವರೂ ಆಗಸ್ಟ್ ಕೊನೆಗೆ ತಲಾ 25 ಲಕ್ಷ ಘೋಷಿಸಿದರು. ಹೋಲಿಸಬಾರದೆಂದು ಗೊತ್ತು, ಆದರೂ ಮನಸ್ಸು ಹೋಲಿಸುತ್ತದೆ: ಹರಾಜಿನಲ್ಲಿ ಆಟಗಾರನ ಕನಿಷ್ಠ ಬೆಲೆ 30 ಲಕ್ಷ. ಆ ಹನ್ನೊಂದು ಮಂದಿಯನ್ನು ಯಾರೂ ಕೊಂಡಿರಲಿಲ್ಲ. ಅವರು ತಮ್ಮಷ್ಟಕ್ಕೆ ತಾವೇ ತಂಡದವರಾಗಿದ್ದರು.

ತಂಡ ಕಟ್ಟುವವರು ಯಾವ ಗೇಟು ಹೋಗಿದೆಯೆಂದು ನೋಡಿ ಖರ್ಚು ಮಾಡಲಿ. ಅದು ಜಾಣತನ, ನಮ್ಮ ಸಂಘ ಸಂಸ್ಥೆಗಳೂ ಕಲಿಯಬೇಕಾದ ಜಾಣತನ. ಆದರೆ ಬಿಟ್ಟವನನ್ನು ಗೌರವದಿಂದ ಕಳಿಸುವುದು, ಉಳಿದವನಿಗೆ ಒಂದು ಜಾಗ ಹುಡುಕುವುದು, ಗೇಟಿನ ಹೊರಗೆ ನಿಂತವನ ಜೀವ ಕಾಯುವುದು ಯಾವ ಹರಾಜಿನ ನಿಯಮದಲ್ಲೂ ಬರೆದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು. ಈ ಬೇಸಿಗೆಯಲ್ಲಿ ನಿಮ್ಮ ಊರಿನಲ್ಲೂ ಒಂದು ಟೂರ್ನಿ ನಡೆದೀತು. ಎಲ್ಲರ ಹೆಸರು ಕೂಗಿ ಮುಗಿದ ಮೇಲೆ ಶಾಮಿಯಾನದ ಅಂಚಿನಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿ.